ಕರೆದವರು ಯಾರು, ಎದುರು ಕುಳಿತವರು ಯಾರು: ನಾಜಿ ಸೆರೆಶಿಬಿರಗಳ ಯೆಹೂದಿ ರಂಗಪ್ರದರ್ಶನಗಳ ಒಂದು ಜಾನಪದೀಯ ಓದು

ಕನ್ನಡ ಜಾನಪದ ಅಧ್ಯಯನದಲ್ಲಿ ಕಳೆದ ಕೆಲವು ದಶಕಗಳಿಂದ ಹೆಚ್ಚು ಬಳಕೆಯಾಗುತ್ತಿರುವ ಪರಿಕಲ್ಪನೆಗಳಲ್ಲಿ 'ಪ್ರತಿರೋಧ' ಮುಖ್ಯವಾದುದು. ಪಾಡ್ದನದಲ್ಲಿ ಪ್ರತಿರೋಧ, ತತ್ವಪದದಲ್ಲಿ ಪ್ರತಿರೋಧ, ಬೀಸುಕಲ್ಲಿನ ಪದದಲ್ಲಿ ಪ್ರತಿರೋಧ ಎಂದು ಗುರುತಿಸುವ ಲೇಖನಗಳಿಗೆ ಕೊರತೆಯಿಲ್ಲ. ಬಖ್ತಿನ್‌ನ ಕಾರ್ನಿವಲ್ ಕಲ್ಪನೆ, ಜೇಮ್ಸ್ ಸ್ಕಾಟ್‌ನ ಗುಪ್ತ ಸಂಕಥನದ ಕಲ್ಪನೆ ಇವೆರಡೂ ಈ ಬಗೆಯ ಓದಿಗೆ ಒದಗಿಬಂದಿವೆ. ಇದರಿಂದ ಆದ ಲಾಭ ಸಣ್ಣದಲ್ಲ. ಜಾನಪದವನ್ನು ಮುಗ್ಧರ ಮನರಂಜನೆ ಎಂದು ನೋಡುತ್ತಿದ್ದ ಹಳೆಯ ಧೋರಣೆ ಇದರಿಂದ ಹಿಂದೆ ಸರಿಯಿತು. ಆದರೆ ಪದವೊಂದು ಎಲ್ಲದಕ್ಕೂ ಅನ್ವಯವಾಗತೊಡಗಿದಾಗ ಅದು ಯಾವುದನ್ನೂ ವಿವರಿಸದ ಸ್ಥಿತಿಗೆ ತಲುಪುತ್ತದೆ. ಬಂಧನದಲ್ಲಿರುವವನು ಹಾಡಿದರೆ ಪ್ರತಿರೋಧ, ಕುಣಿದರೆ ಪ್ರತಿರೋಧ, ನಕ್ಕರೂ ಪ್ರತಿರೋಧ ಎನ್ನುವುದಾದರೆ, ಅವನನ್ನು ಬಂಧಿಸಿದವನೇ ಹಾಡು ಎಂದು ಆಜ್ಞಾಪಿಸಿದ ಸಂದರ್ಭವನ್ನು ಏನೆಂದು ಕರೆಯಬೇಕು?

ಈ ಪ್ರಶ್ನೆ ಅತ್ಯಂತ ಕಠೋರವಾಗಿ ಎದುರಾಗುವ ಸ್ಥಳವೆಂದರೆ ಎರಡನೆಯ ಮಹಾಯುದ್ಧ ಕಾಲದ ನಾಜಿ ಸೆರೆಶಿಬಿರಗಳು ಮತ್ತು ಘೆಟ್ಟೊಗಳು. ಅಲ್ಲಿ ಯೆಹೂದಿ ಬಂದಿಗಳು ನಾಟಕ ಆಡಿದರು, ಸಂಗೀತ ನಾಟಕ ರಚಿಸಿದರು, ಹಾಸ್ಯಪ್ರಹಸನ ಕಟ್ಟಿದರು, ಮಕ್ಕಳಿಂದ ಹಾಡಿಸಿದರು. ಈ ಸಂಗತಿಯ ಕುರಿತ ಬರಹಗಳಲ್ಲಿ ಬಹುಪಾಲು 'ಮನುಷ್ಯಚೇತನದ ಗೆಲುವು' ಎಂಬ ಒಂದೇ ಮಾತಿನಲ್ಲಿ ಮುಗಿಯುತ್ತವೆ. ಆಡಿದವರಲ್ಲಿ ಹೆಚ್ಚಿನವರು ಕೊಲೆಯಾದರು ಎಂಬ ಸತ್ಯದ ಎದುರು ಗೆಲುವು ಎಂಬ ಮಾತಿಗೆ ಯಾವ ತೂಕವಿದೆ ಎಂಬುದನ್ನು ಅವು ಕೇಳಿಕೊಳ್ಳುವುದಿಲ್ಲ. ತುಳುನಾಡಿನ ಪ್ರದರ್ಶನ ಪರಂಪರೆಗಳ ಅಧ್ಯಯನದಿಂದ ದೊರೆಯುವ ಒಂದು ಅಳತೆಗೋಲನ್ನು ಈ ಪ್ರದರ್ಶನಗಳಿಗೆ ಹಿಡಿದು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಆ ಅಳತೆಗೋಲು ಬಂದಿರುವುದು ಸುಳ್ಯದ ನೆರೆಯ ಅಜ್ಜಾವರದಂತಹ ಗ್ರಾಮಗಳಿಂದ. ತುಳು, ಅರೆಭಾಷೆ, ಕನ್ನಡ, ಮಲಯಾಳ, ಬ್ಯಾರಿ ಭಾಷೆಗಳು ಒಂದೇ ಸಂತೆಯಲ್ಲಿ ಕೇಳಿಬರುವ ಈ ಗಡಿಸೀಮೆಯಲ್ಲಿ ಗೌಡ ಸಮುದಾಯದವರು ಸುಗ್ಗಿ ತಿಂಗಳ ರಾತ್ರಿಗಳಲ್ಲಿ ಸಿದ್ಧವೇಷ ಹಾಕಿ ಮನೆಮನೆಗೆ ಹೋಗುವ ಸಂಪ್ರದಾಯವಿದೆ. ಸನ್ಯಾಸಿ, ಭಟ್ಟ, ದಾಸಯ್ಯ ಮುಂತಾದ ವೇಷಗಳು ಅಂಗಳಕ್ಕೆ ಬಂದು ಕುಣಿಯುತ್ತವೆ, ಅಣಕು ಮಾತಾಡುತ್ತವೆ, ಅಕ್ಕಿಯನ್ನೋ ಕಾಣಿಕೆಯನ್ನೋ ಪಡೆದು ಮುಂದಿನ ಮನೆಗೆ ಸಾಗುತ್ತವೆ. ವರ್ಷದ ಉಳಿದ ದಿನಗಳಲ್ಲಿ ಯಾರಿಗೆ ಕೈಮುಗಿಯಬೇಕೋ ಅವರನ್ನು ಆ ರಾತ್ರಿ ಅಣಕಿಸಬಹುದು. ಇಲ್ಲಿ ವೇಷ ಹಾಕುವವರನ್ನು ಯಾರೂ ಕರೆಸುವುದಿಲ್ಲ. ಕಾಲ ಬಂದಾಗ ತಾವಾಗಿ ಹೊರಡುತ್ತಾರೆ. ಆಟ ಮುಗಿದ ಮೇಲೆ ತಮ್ಮ ಮನೆಗೆ ಮರಳುತ್ತಾರೆ. ಇಷ್ಟರಿಂದಲೇ ಇದನ್ನು ಕೆಳಗಿನವರ ದನಿ ಎಂದು ಸಂಭ್ರಮಿಸಬೇಕಾಗಿಲ್ಲ. ವೇಷಗಳ ನಗೆ ಮೇಲಿನವರನ್ನು ಚುಚ್ಚಿದಂತೆಯೇ ತಮಗಿಂತ ಕೆಳಗೆಂದು ಭಾವಿಸಲಾದವರನ್ನೂ ಚುಚ್ಚಿದೆ ಎಂಬುದನ್ನು ತುಳುನಾಡಿನ ಅಣಕುವೇಷಗಳ ಇತಿಹಾಸ ಬಲ್ಲವರು ಅಲ್ಲಗಳೆಯಲಾರರು.

ಇದೇ ತುಳುನಾಡಿನಲ್ಲಿ ಇನ್ನೊಂದು ಬಗೆಯ ಪ್ರದರ್ಶನವೂ ಇತ್ತು. ಕೊರಗ ಸಮುದಾಯದವರು ಡೋಲು ಬಾರಿಸುವುದು, ಕಂಬಳಕ್ಕೆ ಮೊದಲು ಕೋಣಗಳಂತೆ ಓಡುವುದು ಅವರ ಮೇಲೆ ಹೇರಲಾದ ಚಾಕರಿಯಾಗಿತ್ತು. ಈ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ ಸರಕಾರ 2000ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ತರಬೇಕಾಯಿತು. ಕೊರಗರು ತಮ್ಮ ಕೊಪ್ಪದಲ್ಲಿ, ತಮ್ಮ ಮದುವೆಯಲ್ಲಿ ಬಾರಿಸುವ ಡೋಲು ಮತ್ತು ಊರಿನವರು ಕರೆದಾಗ ಹೋಗಿ ಬಾರಿಸಲೇಬೇಕಾಗಿದ್ದ ಡೋಲು ಇವೆರಡರ ಚರ್ಮ ಒಂದೇ, ತಾಳವೂ ಒಂದೇ ಇರಬಹುದು. ಧ್ವನಿಮುದ್ರಿಸಿಕೊಂಡು ಬಂದ ಸಂಶೋಧಕನಿಗೆ ವ್ಯತ್ಯಾಸ ಕೇಳಿಸುವುದಿಲ್ಲ. ವ್ಯತ್ಯಾಸವಿರುವುದು ಕರೆದವರು ಯಾರು, ಎದುರು ಕುಳಿತವರು ಯಾರು, ನಗೆ ಯಾರ ಮೇಲೆ, ಆಟ ಮುಗಿದ ಮೇಲೆ ಆಡಿದವನು ಎಲ್ಲಿಗೆ ಹೋಗುತ್ತಾನೆ ಎಂಬಲ್ಲಿ. ಪ್ರದರ್ಶನದ ಪಠ್ಯಕ್ಕಿಂತ ಪ್ರದರ್ಶನದ ಸಂದರ್ಭ ಮುಖ್ಯ ಎಂಬ ಪಾಠವನ್ನು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ, ಪುರುಷೋತ್ತಮ ಬಿಳಿಮಲೆ ಮುಂತಾದವರ ಕೆಲಸದಿಂದ ಕನ್ನಡ ಜಾನಪದ ಕಲಿತಿದೆ. ಕಲಿತ ಪಾಠವನ್ನು ಪ್ರತಿರೋಧದ ಉತ್ಸಾಹದಲ್ಲಿ ಅದು ಆಗಾಗ ಮರೆಯುತ್ತದೆ.

ಜಾತಿಯ ಚಾಕರಿಯನ್ನೂ ಒಂದು ಜನಾಂಗವನ್ನೇ ಅಳಿಸಿಹಾಕುವ ಯೋಜನೆಯನ್ನೂ ಸಮೀಕರಿಸುವುದು ಇಲ್ಲಿಯ ಇಂಗಿತವಲ್ಲ. ಮೊದಲನೆಯದಕ್ಕೆ ದುಡಿಯುವ ದೇಹಗಳು ಬೇಕು, ಎರಡನೆಯದಕ್ಕೆ ದೇಹಗಳೇ ಬೇಡ. ಸಾಮ್ಯವಿರುವುದು ಕೇಳಬೇಕಾದ ಪ್ರಶ್ನೆಗಳಲ್ಲಿ ಮಾತ್ರ.

ಯೆಹೂದಿಗಳಿಗೂ ಒಂದು ಸಿದ್ಧವೇಷವಿತ್ತು ಎಂಬುದನ್ನು ರಂಗಭೂಮಿಯ ಇತಿಹಾಸಕಾರರಿಗಿಂತ ಜಾನಪದ ವಿದ್ವಾಂಸರು ಬೇಗ ಗುರುತಿಸಬಲ್ಲರು. ಪೂರ್ವ ಯುರೋಪಿನ ಯೆಹೂದಿ ಊರುಗಳಲ್ಲಿ ಪೂರಿಮ್ ಹಬ್ಬದ ದಿನ ವೇಷ ಹಾಕಿ ಮನೆಮನೆಗೆ ಹೋಗಿ ಯಿಡ್ಡಿಷ್ ಭಾಷೆಯಲ್ಲಿ ಆಡುವ ಆಟಕ್ಕೆ ಪೂರಿಮ್‌ಶ್ಪಿಲ್ ಎಂದು ಹೆಸರು. ಪೂರಿಮ್ ಬರುವುದು ಅವರ ಅದಾರ್ ತಿಂಗಳ ಹುಣ್ಣಿಮೆಯ ಆಸುಪಾಸಿನಲ್ಲಿ, ಸಾಮಾನ್ಯವಾಗಿ ಮಾರ್ಚ್ ತಿಂಗಳಲ್ಲಿ. ಎಂದರೆ ಹೆಚ್ಚುಕಡಿಮೆ ನಮ್ಮ ಹೋಳಿಯ, ಸುಗ್ಗಿಯ ಕಾಲದಲ್ಲಿ. ಆಟದ ಕಥೆ ಎಸ್ತರಳ ಗ್ರಂಥದ್ದು. ಪರ್ಷಿಯಾದ ಅರಸನ ಮಂತ್ರಿ ಹಾಮಾನ್ ರಾಜ್ಯದ ಯೆಹೂದಿಗಳೆಲ್ಲರನ್ನೂ ಒಂದೇ ದಿನ ಕೊಲ್ಲಿಸಲು ಹೊಂಚುಹಾಕುತ್ತಾನೆ; ರಾಣಿ ಎಸ್ತರ್ ಮತ್ತು ಅವಳ ಬಂಧು ಮೊರ್ದೆಕೈ ಅದನ್ನು ತಪ್ಪಿಸುತ್ತಾರೆ; ಹಾಮಾನ್ ತಾನು ನೆಡಿಸಿದ ಗಲ್ಲುಗಂಬಕ್ಕೆ ತಾನೇ ಏರುತ್ತಾನೆ. ಗ್ರಂಥ ಓದುವಾಗ ಹಾಮಾನನ ಹೆಸರು ಬಂದಲ್ಲೆಲ್ಲ ಮಕ್ಕಳು ಗಿರಗಟ್ಟಲೆ ತಿರುಗಿಸಿ ಗದ್ದಲವೆಬ್ಬಿಸಿ ಆ ಹೆಸರನ್ನು ಮುಳುಗಿಸುತ್ತಾರೆ. ಕೊಲ್ಲಲು ಬಂದ ಅಧಿಕಾರಸ್ಥನೊಬ್ಬನನ್ನು ಪ್ರತಿವರ್ಷ ನಗೆಯಲ್ಲಿ ಸೋಲಿಸುವ ವ್ಯವಸ್ಥೆಯೊಂದು ಆ ಸಮುದಾಯದ ಪಂಚಾಂಗದಲ್ಲೇ ಇತ್ತು. ಶಿಬಿರಗಳಲ್ಲಿ ಹುಟ್ಟಿದ ನಾಟಕಗಳು ಬರ್ಲಿನ್, ಪ್ರಾಗ್, ವಿಯೆನ್ನಾ ನಗರಗಳ ಆಧುನಿಕ ರಂಗಭೂಮಿಯ ಕೂಸುಗಳೆಂಬುದು ನಿಜ. ಆದರೆ ಅವುಗಳನ್ನು ನೋಡಿದ ಜನರಲ್ಲಿ ಅನೇಕರ ಕಣ್ಣುಗಳನ್ನು ತಿದ್ದಿದ್ದು ಈ ಹಳೆಯ ಆಟ.

ಜಾನಪದವು ಬಂದಿಗಳಿಗೆ ಮಾತ್ರ ಗೊತ್ತು, ಬಂಧಿಸಿದವರಿಗೆ ಗೊತ್ತಿಲ್ಲ ಎಂದು ತಿಳಿಯುವುದು ಗುಪ್ತ ಸಂಕಥನದ ಸಿದ್ಧಾಂತದಲ್ಲಿರುವ ಒಂದು ದೌರ್ಬಲ್ಯ. ಪೋಲೆಂಡಿನ ಜ್ಡುನ್ಸ್ಕಾ ವೋಲಾ ಎಂಬ ಊರಿನಲ್ಲಿ 1942ರ ಪೂರಿಮ್ ದಿನ ನಾಜಿಗಳು ಹತ್ತು ಮಂದಿ ಯೆಹೂದಿಗಳನ್ನು ಬಹಿರಂಗವಾಗಿ ನೇಣಿಗೆ ಹಾಕಿದರು. ಎಸ್ತರಳ ಗ್ರಂಥದಲ್ಲಿ ಗಲ್ಲಿಗೇರುವ ಹಾಮಾನನ ಮಕ್ಕಳ ಸಂಖ್ಯೆ ಹತ್ತು. ಯೆಹೂದಿ ದ್ವೇಷದ ಪತ್ರಿಕೆ ನಡೆಸುತ್ತಿದ್ದ ಯೂಲಿಯಸ್ ಸ್ಟ್ರೈಖರ್ 1946ರ ಅಕ್ಟೋಬರ್ 16ರಂದು ನ್ಯೂರೆಂಬರ್ಗಿನಲ್ಲಿ ಗಲ್ಲಿಗೇರುವಾಗ ಪೂರಿಮ್ ಹಬ್ಬದ ಹೆಸರನ್ನು ಕೂಗಿದನೆಂಬುದು ದಾಖಲಾಗಿದೆ. ಎಂದರೆ ಆ ಆಟದ ಅರ್ಥ ಎರಡೂ ಕಡೆಯವರಿಗೆ ತಿಳಿದಿತ್ತು.

ಶಿಬಿರಗಳ ರಂಗಚಟುವಟಿಕೆಯಲ್ಲಿ ಹೆಚ್ಚು ದಾಖಲೆಗಳು ಉಳಿದಿರುವುದು ತೆರೆಜೀನ್‌ನದು. ಪ್ರಾಗ್ ನಗರದ ಉತ್ತರಕ್ಕೆ ಸುಮಾರು 60 ಕಿ.ಮೀ. ದೂರದಲ್ಲಿ ಹದಿನೆಂಟನೆಯ ಶತಮಾನದಲ್ಲಿ ಕಟ್ಟಿದ ಈ ಕೋಟೆಪಟ್ಟಣವನ್ನು 1941ರ ನವೆಂಬರಿನಿಂದ ಯೆಹೂದಿಗಳ ಘೆಟ್ಟೊವಾಗಿ ಬಳಸಲಾಯಿತು. ಸುಮಾರು 1,40,000 ಜನರನ್ನು ಅಲ್ಲಿಗೆ ತರಲಾಯಿತು. ಸುಮಾರು 33,000 ಜನ ಅಲ್ಲೇ ಹಸಿವು ರೋಗಗಳಿಂದ ಸತ್ತರು. ಸುಮಾರು 88,000 ಜನರನ್ನು ಆಶ್ವಿಟ್ಸ್ ಮೊದಲಾದ ಕೊಲೆಗಡುಕ ಶಿಬಿರಗಳಿಗೆ ಸಾಗಿಸಲಾಯಿತು. ಆರಂಭದಲ್ಲಿ ಅಟ್ಟಗಳ ಮೇಲೆ ಕದ್ದುಮುಚ್ಚಿ ನಡೆಯುತ್ತಿದ್ದ ಹಾಡು ಆಟಗಳಿಗೆ ಬರಬರುತ್ತ ಅನುಮತಿ ದೊರೆಯಿತು. ಬಂದಿಗಳ ಆಡಳಿತದೊಳಗೆ ಇದಕ್ಕಾಗಿ ಒಂದು ವಿಭಾಗವೇ ತೆರೆಯಿತು. ಈ ಅನುಮತಿ ಏಕೆ ದೊರೆಯಿತೆಂಬುದು ಮುಂದೆ ಸ್ಪಷ್ಟವಾಗುತ್ತದೆ.

ಇಲ್ಲಿ ಒಂದು ಮಾತು. ವೇಷಭೂಷಣವಿಲ್ಲದೆ, ರಂಗಸಜ್ಜಿಕೆಯಿಲ್ಲದೆ, ಅಟ್ಟದ ಮೇಲೆ ನಾಟಕ ಆಡಿದರಲ್ಲ ಎಂದು ಪಾಶ್ಚಾತ್ಯ ಲೇಖಕರು ಮತ್ತೆ ಮತ್ತೆ ಬೆರಗುಪಡುತ್ತಾರೆ. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ಚಾವಡಿಯಲ್ಲಿ ಕುಳಿತು, ಉಟ್ಟ ಪಂಚೆಯಲ್ಲೇ ಮಾತಿನಿಂದ ಕೌರವನ ಸಭೆಯನ್ನು ಕಟ್ಟುವ ತಾಳಮದ್ದಳೆಯನ್ನು ಕೇಳಿ ಬೆಳೆದ ಸುಳ್ಯ ಸೀಮೆಯ ಪ್ರೇಕ್ಷಕನಿಗೆ ಇದರಲ್ಲಿ ಬೆರಗುಪಡುವಂಥದ್ದಿಲ್ಲ. ಏನೂ ಇಲ್ಲದೆ ಆಟ ಕಟ್ಟುವುದು ಎಲ್ಲ ಜನಪದರಿಗೂ ಗೊತ್ತು. ಕೇಳಬೇಕಾದದ್ದು ಅವರ ಬಳಿ ಏನಿರಲಿಲ್ಲ ಎಂಬುದಕ್ಕಿಂತ, ಅವರಿಗೆ ಸಜ್ಜಿಕೆ, ವಾದ್ಯ, ಬಟ್ಟೆಗಳು ಒಮ್ಮೆಲೇ ದೊರೆಯತೊಡಗಿದ್ದು ಏಕೆ ಎಂಬುದು.

'ಬ್ರುಂಡಿಬಾರ್' ಎಂಬ ಮಕ್ಕಳ ಸಂಗೀತ ನಾಟಕದ ಚರಿತ್ರೆ ಇದಕ್ಕೆ ಉತ್ತರ ಕೊಡುತ್ತದೆ. ಹಾನ್ಸ್ ಕ್ರಾಸಾ ಸಂಗೀತ ಸಂಯೋಜಿಸಿ ಅಡೋಲ್ಫ್ ಹೊಫ್‌ಮೈಸ್ಟರ್ ಸಾಹಿತ್ಯ ಬರೆದ ಈ ಕೃತಿ 1938ರದು, ಶಿಬಿರಕ್ಕಾಗಿ ಬರೆದದ್ದಲ್ಲ. ತೆರೆಜೀನ್‌ನಲ್ಲಿ ದೊರೆತ ವಾದ್ಯಗಳಿಗೆ ತಕ್ಕಂತೆ ಕ್ರಾಸಾ ಅದನ್ನು ಮತ್ತೆ ಹೊಂದಿಸಿದ. ಫ್ರಾಂಟಿಷೆಕ್ ಜೆಲೆಂಕಾ ರಂಗಸಜ್ಜಿಕೆ ಮಾಡಿದ. 1943ರ ಸೆಪ್ಟೆಂಬರ್ 23ರಂದು ಮಾಗ್ಡೆಬುರ್ಗ್ ಬ್ಯಾರಕ್ಕಿನಲ್ಲಿ ಮೊದಲ ಪ್ರದರ್ಶನವಾಗಿ ಮುಂದಿನ ಒಂದು ವರ್ಷದಲ್ಲಿ 55 ಪ್ರದರ್ಶನಗಳು ನಡೆದವು. ಕಥೆ ಸರಳ. ಕಾಯಿಲೆ ಬಿದ್ದ ತಾಯಿಗೆ ಹಾಲು ತರಲು ಹಣವಿಲ್ಲದ ಅಣ್ಣ ತಂಗಿಯರು ಸಂತೆಯಲ್ಲಿ ಹಾಡಲು ನಿಲ್ಲುತ್ತಾರೆ. ಹಿಡಿ ತಿರುಗಿಸಿ ವಾದ್ಯಪೆಟ್ಟಿಗೆ ನುಡಿಸುವ ಬ್ರುಂಡಿಬಾರ್ ಅವರನ್ನು ಓಡಿಸುತ್ತಾನೆ. ನಾಯಿ, ಬೆಕ್ಕು, ಗುಬ್ಬಚ್ಚಿಗಳು ಊರಿನ ಮಕ್ಕಳನ್ನೆಲ್ಲ ಸೇರಿಸಿ ಅವನನ್ನು ಸೋಲಿಸುತ್ತವೆ. ನೆರವಿಗೆ ಬರುವ ಪ್ರಾಣಿಗಳು ಜಗತ್ತಿನ ಎಲ್ಲ ಅಡುಗೂಲಜ್ಜಿ ಕಥೆಗಳಲ್ಲಿರುವ ಆಶಯ. ತೆರೆಜೀನ್‌ನ ಪ್ರೇಕ್ಷಕರು ಬ್ರುಂಡಿಬಾರ್ ಯಾರೆಂಬುದನ್ನು ಹೇಳಿಸಿಕೊಳ್ಳಬೇಕಾಗಿರಲಿಲ್ಲ. ಹಾಮಾನನ ಹೆಸರಿಗೆ ಗದ್ದಲವೆಬ್ಬಿಸಿ ಬೆಳೆದವರಿಗೆ ಮೀಸೆಯ ದುಷ್ಟನೊಬ್ಬ ಸಾಕು. ಎಮಿಲ್ ಸೌದೆಕ್ ಕೊನೆಯ ಹಾಡಿನ ಮಾತುಗಳನ್ನು ಕೊಂಚ ಬದಲಿಸಿ, ತಂದೆತಾಯಿ ನಾಡುಗಳ ಪ್ರೀತಿಯಿದ್ದಲ್ಲಿ ನ್ಯಾಯದ ಪ್ರೀತಿಯನ್ನು ತಂದ. ಮೌಖಿಕ ಪರಂಪರೆಯಲ್ಲಿ ಪಾಠಾಂತರ ಹುಟ್ಟುವ ಬಗೆ ಇದೇ: ಕಥೆ ಉಳಿಯುತ್ತದೆ, ಒಂದು ಮಾತು ಜಾರುತ್ತದೆ, ಆ ಒಂದು ಮಾತಿನಲ್ಲಿ ಆಡುವವರ ಕಾಲ ಒಳಬರುತ್ತದೆ.

ಇಲ್ಲಿಯವರೆಗೆ ಇದು ಪ್ರತಿರೋಧದ ಕಥೆಯೇ. ಆದರೆ 1944ರ ಜೂನ್ 23ರಂದು ಅಂತಾರಾಷ್ಟ್ರೀಯ ರೆಡ್‌ಕ್ರಾಸ್ ಮತ್ತು ಡೆನ್ಮಾರ್ಕಿನ ಪ್ರತಿನಿಧಿಗಳು ತೆರೆಜೀನ್ ನೋಡಲು ಬಂದರು. ಅವರು ಬರುವ ಮೊದಲು ಪಟ್ಟಣಕ್ಕೆ ಸುಣ್ಣಬಣ್ಣವಾಯಿತು, ಹೂದೋಟಗಳಾದವು, ಜನದಟ್ಟಣೆ ಕಾಣದಿರಲೆಂದು ಮೇ ತಿಂಗಳಲ್ಲಿ ಸುಮಾರು 7,500 ಮಂದಿಯನ್ನು ಆಶ್ವಿಟ್ಸ್‌ಗೆ ಸಾಗಿಸಲಾಯಿತು. ಅತಿಥಿಗಳಿಗೆ ತೋರಿಸಿದ ನಾಟಕ 'ಬ್ರುಂಡಿಬಾರ್'. ಆ ಬೇಸಿಗೆಯಲ್ಲಿ ತೆಗೆದ ಪ್ರಚಾರ ಚಿತ್ರದಲ್ಲೂ ಅದರ ಕೊನೆಯ ದೃಶ್ಯ ಸೇರಿತು. ಅದೇ ಮಕ್ಕಳು, ಅದೇ ಹಾಡು, ಬದಲಿಸಿದ ಅದೇ ಮಾತು. ಆದರೆ ಕರೆದವರು ಬೇರೆ, ಎದುರು ಕುಳಿತವರು ಬೇರೆ. ಬಂದಿಗಳ ನಡುವೆ ನ್ಯಾಯದ ಹಾಡಾಗಿದ್ದುದು ಅತಿಥಿಗಳ ಮುಂದೆ 'ಇಲ್ಲಿ ಎಲ್ಲವೂ ಸುಖವಾಗಿದೆ' ಎಂಬ ಪ್ರಮಾಣಪತ್ರವಾಯಿತು. ಪಠ್ಯದೊಳಗಿನ ಪ್ರತಿರೋಧವು ಪಠ್ಯವನ್ನು ಕಾಪಾಡಲಾರದೆಂಬುದಕ್ಕೆ ಇದಕ್ಕಿಂತ ಕ್ರೂರವಾದ ನಿದರ್ಶನ ಸಿಗಲಾರದು. ಕೊಪ್ಪದ ಡೋಲು ಮತ್ತು ಕಂಬಳಗದ್ದೆಯ ಡೋಲಿನ ನಡುವೆ ಇದ್ದ ವ್ಯತ್ಯಾಸ ಇಲ್ಲಿ ಒಂದೇ ನಾಟಕದ ಎರಡು ಪ್ರದರ್ಶನಗಳ ನಡುವೆ ಇದೆ.

55 ಪ್ರದರ್ಶನಗಳ ಲೆಕ್ಕದ ಹಿಂದೆ ಮತ್ತೊಂದು ಲೆಕ್ಕವಿದೆ. ರೈಲುಗಳು ಹೊರಟಾಗಲೆಲ್ಲ ಹಾಡುವ ಮಕ್ಕಳು ಕಡಿಮೆಯಾಗುತ್ತಿದ್ದರು. ಅವರ ಪಾತ್ರಗಳಿಗೆ ಹೊಸ ಮಕ್ಕಳನ್ನು ತಯಾರು ಮಾಡಲಾಗುತ್ತಿತ್ತು. ಪಾತ್ರ ಉಳಿಯಿತು, ಪಾತ್ರಧಾರಿ ಉಳಿಯಲಿಲ್ಲ. ಪರಂಪರೆಯ ನಿರಂತರತೆ ಎಂದು ಜಾನಪದದಲ್ಲಿ ನಾವು ಹೆಮ್ಮೆಯಿಂದ ಹೇಳುವ ಸಂಗತಿ ಇಲ್ಲಿ ಒಂದು ವರ್ಷದೊಳಗೆ ನಡೆದುಹೋಯಿತು. ಕ್ರಾಸಾನನ್ನು 1944ರ ಅಕ್ಟೋಬರ್ 16ರ ರೈಲಿನಲ್ಲಿ, ಜೆಲೆಂಕಾನನ್ನು ಅದೇ ತಿಂಗಳಲ್ಲಿ ಆಶ್ವಿಟ್ಸ್‌ಗೆ ಕಳುಹಿಸಲಾಯಿತು. ಪ್ರಚಾರ ಚಿತ್ರದ ನಿರ್ದೇಶನಕ್ಕೆ ನೇಮಿಸಲಾಗಿದ್ದ ಖ್ಯಾತ ಬರ್ಲಿನ್ ನಟ, ಬಂದಿ ಕುರ್ಟ್ ಗೆರೋನ್ ಅದೇ ತಿಂಗಳ 28ರಂದು ಅದೇ ದಾರಿ ಹಿಡಿದ.

ತೆರೆಜೀನ್‌ನ ಇನ್ನೊಂದು ನಾಟಕ ಜಾನಪದದ ದೃಷ್ಟಿಯಿಂದ 'ಬ್ರುಂಡಿಬಾರ್'ಗಿಂತ ಮಹತ್ವದ್ದು. ಚೆಕ್ ಹಾಸ್ಯನಟ ಕಾರೆಲ್ ಶ್ವೆಂಕ್ ಬರೆದ 'ಕೊನೆಯ ಸೈಕಲ್ ಸವಾರ' ಒಂದು ಜನಪ್ರಿಯ ನಗೆಹನಿಯ ಮೇಲೆ ನಿಂತಿದೆ. ಎಲ್ಲ ಅನಿಷ್ಟಗಳಿಗೂ ಯೆಹೂದಿಗಳು ಮತ್ತು ಸೈಕಲ್ ಸವಾರರೇ ಕಾರಣ ಎಂದು ಒಬ್ಬ ಹೇಳುತ್ತಾನೆ. ಸೈಕಲ್ ಸವಾರರು ಏಕೆ ಎಂದು ಕೇಳಿದರೆ, ಯೆಹೂದಿಗಳು ಏಕೆ ಎಂಬ ಮರುಪ್ರಶ್ನೆ ಬರುತ್ತದೆ. ಯುರೋಪಿನ ಯೆಹೂದಿಗಳ ಬಾಯಲ್ಲಿ ತಿರುಗುತ್ತಿದ್ದ ಈ ಹನಿಯನ್ನು ಶ್ವೆಂಕ್ ಪೂರ್ಣ ನಾಟಕವಾಗಿ ಬೆಳೆಸಿದ. ಹುಚ್ಚರು ಆಸ್ಪತ್ರೆಯಿಂದ ಹೊರಬಂದು ರಾಜ್ಯ ಹಿಡಿದು ಸೈಕಲ್ ಸವಾರರನ್ನು ಬೇಟೆಯಾಡುತ್ತಾರೆ. ಕೊನೆಯ ಸವಾರನನ್ನು ರಾಕೆಟ್ಟಿನಲ್ಲಿ ಕೂರಿಸಿ ಚಂದ್ರನಿಗೆ ಕಳುಹಿಸಲು ಹೊರಟಾಗ ಆಳುವವರೇ ಆ ರಾಕೆಟ್ಟಿನಲ್ಲಿ ಹಾರಿಹೋಗುತ್ತಾರೆ. ಹಾಮಾನ್ ತನ್ನ ಗಲ್ಲುಗಂಬಕ್ಕೆ ತಾನೇ ಏರುವ ಪೂರಿಮ್‌ಶ್ಪಿಲ್‌ನ ರಚನೆಯೇ ಇಲ್ಲಿರುವುದು. ಗಲ್ಲುಗಂಬದ ಜಾಗದಲ್ಲಿ ರಾಕೆಟ್ ಬಂದಿದೆ.

ಈ ನಾಟಕ ತಾಲೀಮಿನ ಹಂತ ದಾಟಲಿಲ್ಲ. ತಡೆದವರು ನಾಜಿಗಳಲ್ಲ, ಬಂದಿಗಳದೇ ಆದ ಹಿರಿಯರ ಮಂಡಳಿ. ಆಳುವವರಿಗೆ ಅರ್ಥವಾದರೆ ಇಡೀ ಘೆಟ್ಟೊ ಬೆಲೆ ತೆರಬೇಕಾದೀತೆಂಬ ಅವರ ಭಯ ಸಕಾರಣವಾಗಿತ್ತು. ಅವರನ್ನು ಹೇಡಿಗಳೆಂದು ಕರೆಯುವುದು ಸುಲಭ, ಮತ್ತು ಅನ್ಯಾಯ. ಆದರೆ ಈ ನಿಷೇಧ ಒಂದು ಸಂಗತಿಯನ್ನು ಹೊರಗೆಡಹುತ್ತದೆ. ನಗೆಯ ಗುರಿ ಸ್ಪಷ್ಟವಾಗಿದ್ದಲ್ಲಿ ಆಟಕ್ಕೆ ಅನುಮತಿ ಇರಲಿಲ್ಲ; ಗುರಿ ಕಾಲ್ಪನಿಕ ಕಥೆಯ ಮರೆಯಲ್ಲಿದ್ದಲ್ಲಿ ಮಾತ್ರ ಇತ್ತು. ಶ್ವೆಂಕ್ 1945ರಲ್ಲಿ ಸತ್ತ. ಹಸ್ತಪ್ರತಿ ಉಳಿಯಲಿಲ್ಲ. ಬದುಕುಳಿದ ನಟಿ ಯಾನಾ ಶೆಡೋವಾ 1961ರಲ್ಲಿ ಪ್ರಾಗ್‌ನಲ್ಲಿ ನೆನಪಿನಿಂದ ಅದನ್ನು ಪುನಾರಚಿಸಿದಳು. ಹೀಗಾಗಿ ಇಂದು ದೊರೆಯುವ ಪಠ್ಯ ಒಬ್ಬ ವಕ್ತೃವಿನ ನೆನಪಿನ ಪಠ್ಯ. ಪಾಡ್ದನ ಸಂಗ್ರಹದಲ್ಲಿ ಪಳಗಿದವರು ಅದನ್ನು ಓದಬೇಕಾದ ರೀತಿಯೇ ಬೇರೆ. ಮೂಲ ಯಾವುದು ಎಂಬ ಹುಡುಕಾಟಕ್ಕಿಂತ, ಸುಮಾರು ಹದಿನೇಳು ವರ್ಷಗಳಲ್ಲಿ ನೆನಪು ಯಾವುದನ್ನು ಇಟ್ಟುಕೊಂಡಿತು ಎಂಬ ವಿಚಾರಣೆ ಅಲ್ಲಿ ಫಲಪ್ರದ.

ನೆದರ್‌ಲ್ಯಾಂಡ್ಸ್‌ನ ವೆಸ್ಟರ್‌ಬೋರ್ಕ್ ಶಿಬಿರದ ಉದಾಹರಣೆ ಇನ್ನೂ ಇಕ್ಕಟ್ಟಿನದು. ಮಂಗಳವಾರಗಳಂದು ಪೂರ್ವದ ಕಡೆಗೆ ರೈಲು ಹೊರಡುತ್ತಿದ್ದ ಈ ಶಿಬಿರದಲ್ಲಿ ಮಾಕ್ಸ್ ಎರ್ಲಿಶ್, ವಿಲ್ಲಿ ರೋಸೆನ್ ಮೊದಲಾದ ಹೆಸರಾಂತ ಹಾಸ್ಯಕಲಾವಿದರು ಹಾಡು, ಕುಣಿತ, ನಗೆಗಳ ವೈಭವದ ಪ್ರದರ್ಶನಗಳನ್ನು ಕೊಟ್ಟರು. ರಂಗದ ಹಲಗೆಗಳು ಆಸೆನ್ ಊರಿನ ಯೆಹೂದಿ ಪ್ರಾರ್ಥನಾಮಂದಿರದಿಂದ ಬಂದವು ಎನ್ನಲಾಗುತ್ತದೆ. ಮುಂದಿನ ಸಾಲಿನಲ್ಲಿ ಶಿಬಿರದ ಅಧಿಪತಿ ಗೆಮ್ಮೆಕರ್ ಕೂತಿರುತ್ತಿದ್ದ. ನಗಿಸುತ್ತಿರುವಷ್ಟು ಕಾಲ ನಟರ ಹೆಸರು ರೈಲಿನ ಪಟ್ಟಿಯಲ್ಲಿ ಬರುತ್ತಿರಲಿಲ್ಲ. ಇದು ಅರಮನೆಯ ವಿದೂಷಕನ ಸ್ಥಿತಿಯೂ ಅಲ್ಲ. ವಿದೂಷಕನಿಗೆ ಅರಸನನ್ನು ಚುಚ್ಚುವ ಸವಲತ್ತಾದರೂ ಇತ್ತು. 1944ರಲ್ಲಿ ಈ ರಂಗಪ್ರದರ್ಶನಗಳು ನಿಂತವು. ಎರ್ಲಿಶ್, ರೋಸೆನ್ ಇಬ್ಬರೂ ಆಶ್ವಿಟ್ಸ್‌ನಲ್ಲಿ ಕೊಲೆಯಾದರು. ಇದನ್ನು ಪ್ರತಿರೋಧವೆಂದು ಕರೆಯುವುದು ಪದದ ದುರ್ಬಳಕೆ. ಶರಣಾಗತಿಯೆಂದು ಕರೆಯುವುದು ಸತ್ತವರ ಮೇಲೆ ಹೊರಿಸುವ ಅಪವಾದ. ಜೀವ ಉಳಿಸಿಕೊಳ್ಳಲು ಮಾಡುವ ದುಡಿಮೆಗೆ ದುಡಿಮೆಯೆಂದೇ ಹೆಸರು.

ಆಟವೇ ಬೇಡ ಎಂದವರೂ ಇದ್ದರು. ಲಿಥುವೇನಿಯಾದ ವಿಲ್ನಾ ಘೆಟ್ಟೊದಲ್ಲಿ 1942ರ ಜನವರಿ 18ರಂದು ಮೊದಲ ಕಾರ್ಯಕ್ರಮ ಏರ್ಪಟ್ಟಾಗ ಅಲ್ಲಿಯ ಯೆಹೂದಿ ಸಮಾಜವಾದಿಗಳು ಸ್ಮಶಾನದಲ್ಲಿ ನಾಟಕ ಸಲ್ಲದೆಂಬ ಕರಪತ್ರ ಹಂಚಿದರು. ಹಿಂದಿನ ಆರೇಳು ತಿಂಗಳಲ್ಲಿ ಆ ಊರಿನ ಯೆಹೂದಿಗಳಲ್ಲಿ ಬಹುಪಾಲನ್ನು ಸಮೀಪದ ಪೊನಾರಿ ಕಾಡಿನಲ್ಲಿ ಗುಂಡಿಕ್ಕಿ ಕೊಲ್ಲಲಾಗಿತ್ತು. ಘೆಟ್ಟೊದ ಗ್ರಂಥಪಾಲಕ ಹೆರ್ಮಾನ್ ಕ್ರುಕ್ ತನ್ನ ದಿನಚರಿಯಲ್ಲಿ ಈ ವಿರೋಧವನ್ನು ದಾಖಲಿಸಿದ್ದಾನೆ; ಅವನೂ ಅದರ ಪರವಾಗಿದ್ದವನು. ಮುಂದೆ ಅವನೇ ಘೆಟ್ಟೊದ ಸಾಂಸ್ಕೃತಿಕ ಜೀವನದ ಬೆಳವಣಿಗೆಯನ್ನು ಅಕ್ಕರೆಯಿಂದ ಬರೆದಿಟ್ಟ. ಸೂತಕದ ಮನೆಯಲ್ಲಿ ಚಂಡೆ ಬಾರಿಸಬಾರದೆಂಬ ನಿಯಮ ತುಳುನಾಡಿನವರಿಗೆ ಅಪರಿಚಿತವಲ್ಲ. ಆದರೆ ಸೂತಕಕ್ಕೆ ಒಂದು ಅವಧಿಯಿದೆ, ಶುದ್ಧವಿದೆ. ಕೊನೆಯಿಲ್ಲದ ಸೂತಕದಲ್ಲಿ ಏನು ಮಾಡಬೇಕೆಂದು ಯಾವ ಕಟ್ಟಳೆಯೂ ಹೇಳುವುದಿಲ್ಲ. ವಿಲ್ನಾದ ವಾದ ನಡೆದದ್ದು ಆ ಕಟ್ಟಳೆಯಿಲ್ಲದ ಜಾಗದಲ್ಲಿ. ಕರಪತ್ರ ಹಂಚಿದವರನ್ನು ಕಲಾವಿರೋಧಿಗಳೆಂದು ಬದಿಗೆ ಸರಿಸುವ ಬರಹಗಳು ಆ ವಾದದ ಗಂಭೀರತೆಯನ್ನೇ ಕಳೆಯುತ್ತವೆ.

ಬಂಧಿಸಿದವನು ಎದುರು ಕೂರದ, ಅವನಿಗಾಗಿ ಆಡದ ಪ್ರದರ್ಶನಗಳೂ ಇದ್ದವು. ಅವುಗಳಲ್ಲಿ ಒಂದರ ನಾಟಕ ಭಾರತದ್ದು. ವಾರ್ಸಾ ಘೆಟ್ಟೊದಲ್ಲಿ ಯಾನುಷ್ ಕೊರ್ಚಾಕ್ ನಡೆಸುತ್ತಿದ್ದ ಅನಾಥಾಲಯದ ಮಕ್ಕಳು 1942ರ ಜುಲೈ 18ರಂದು ರವೀಂದ್ರನಾಥ ಠಾಕೂರರ 'ಡಾಕ್‌ಘರ್' ನಾಟಕವನ್ನು ಪೋಲಿಷ್ ಭಾಷೆಯಲ್ಲಿ ಆಡಿದರು. ನಿರ್ದೇಶಿಸಿದವಳು ಎಸ್ತೆರ್ಕಾ ವಿನೋಗ್ರೋನ್. ತಾರುಣ್ಯದಲ್ಲಿ ಕಾರವಾರದ ಕಡಲ ದಂಡೆಯಲ್ಲಿ ಕುಳಿತು ನಾಟಕ ಬರೆದಿದ್ದ ಠಾಕೂರರು ಈ ಪ್ರದರ್ಶನದ ಹೊತ್ತಿಗೆ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ವೈದ್ಯನ ಅಪ್ಪಣೆಯಂತೆ ಹೊರಗೆ ಕಾಲಿಡಲಾಗದ ಅಮಲ್ ಎಂಬ ಹುಡುಗ ಕಿಟಕಿಯಲ್ಲಿ ಕುಳಿತು ದಾರಿಹೋಕರ ಜೊತೆ ಮಾತಾಡುತ್ತ ಅರಸನ ಓಲೆಗಾಗಿ ಕಾಯುತ್ತಾನೆ. ಕೊನೆಗೆ ನಿದ್ದೆಗೆ ಸಂದುಹೋಗುತ್ತಾನೆ. ಈ ನಾಟಕದಲ್ಲಿ ಹಾಮಾನನಿಲ್ಲ. ಅಣಕಿಲ್ಲ, ಸೋಲಿಸಬೇಕಾದ ದುಷ್ಟನಿಲ್ಲ. ಗೋಡೆಯೊಳಗಿನ ಮಕ್ಕಳು ಗೋಡೆಯೊಳಗಿನ ಮಗುವಿನ ಕಥೆಯನ್ನು ತಮ್ಮವರ ಮುಂದೆ ಆಡಿದರು. ಜುಲೈ 22ರಂದು ವಾರ್ಸಾದಿಂದ ಟ್ರೆಬ್ಲಿಂಕಾಕ್ಕೆ ಸಾಗಣೆ ಶುರುವಾಯಿತು. ಆಗಸ್ಟ್ ಮೊದಲ ವಾರದಲ್ಲಿ ಕೊರ್ಚಾಕ್ ಮತ್ತು ಸುಮಾರು 200 ಮಕ್ಕಳನ್ನು ಒಯ್ಯಲಾಯಿತು.

ಭಾರತೀಯ ಲೇಖಕರು ಈ ಘಟನೆಯನ್ನು ಠಾಕೂರರ ವಿಶ್ವಮಾನ್ಯತೆಗೆ ಸಾಕ್ಷಿಯೆಂದು ಉಲ್ಲೇಖಿಸುವುದುಂಟು. ಅದು ಘಟನೆಯ ಅತಿ ಕಡಿಮೆ ಮುಖ್ಯವಾದ ಭಾಗ. ಇಲ್ಲಿ ಪ್ರದರ್ಶನದ ಕೆಲಸ ಆಚರಣೆಯ ಕೆಲಸಕ್ಕೆ ಹತ್ತಿರವಾಗಿದೆ. ಮನೆಯ ಮಗುವೊಂದನ್ನು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟಿಸುವಾಗ ಹಿರಿಯರು ಕೈಹಿಡಿದು ಜೊತೆಗೆ ನಡೆಯುವಂತೆ ಈ ನಾಟಕ ಆ ಮಕ್ಕಳ ಜೊತೆ ನಡೆಯಿತು. ಅದನ್ನು ಪ್ರತಿರೋಧವೆನ್ನುವುದಾಗಲಿ ಮನರಂಜನೆಯೆನ್ನುವುದಾಗಲಿ ಒಪ್ಪುವ ಮಾತಲ್ಲ.

ಆಡದೇ ಉಳಿದ ಕೃತಿಯೊಂದನ್ನೂ ಗಮನಿಸಬೇಕು. ತೆರೆಜೀನ್‌ನಲ್ಲಿ ವಿಕ್ಟರ್ ಉಲ್‌ಮಾನ್ ಸಂಗೀತ ಸಂಯೋಜಿಸಿ ಪೀಟರ್ ಕೀನ್ ಬರೆದ 'ಅಟ್ಲಾಂಟಿಸ್‌ನ ಚಕ್ರವರ್ತಿ'ಯಲ್ಲಿ ಸಾವು ಒಂದು ಪಾತ್ರ. ಚಕ್ರವರ್ತಿ ಎಲ್ಲರ ಮೇಲೆ ಎಲ್ಲರ ಯುದ್ಧ ಸಾರಿದಾಗ ತನ್ನ ಕಸುಬಿಗೆ ಅವಮಾನವಾಯಿತೆಂದು ಸಾವು ಕೆಲಸ ನಿಲ್ಲಿಸಿ ಮುಷ್ಕರ ಹೂಡುತ್ತದೆ, ಯಾರೂ ಸಾಯಲಾರರು. ಸಾವನ್ನು ಉಪಾಯದಿಂದ ಮರಕ್ಕೆ ಕಟ್ಟಿಹಾಕುವ ಕಥೆಗಳು ಸ್ಟಿತ್ ಥಾಮ್ಸನ್‌ನ ಆಶಯಸೂಚಿಯಲ್ಲಿವೆ. ಅಲ್ಲಿ ಮನುಷ್ಯ ಸಾವನ್ನು ವಂಚಿಸುತ್ತಾನೆ. ಇಲ್ಲಿ ಮನುಷ್ಯರ ಕೊಲೆಯ ಕಾರ್ಖಾನೆಯನ್ನು ಕಂಡು ಸಾವೇ ಹಿಂಜರಿಯುತ್ತದೆ. ಜನಪದ ಕಥೆಯ ಆಶಯವೊಂದು ಇಷ್ಟು ತಲೆಕೆಳಗಾಗಿ ಬಂದ ಉದಾಹರಣೆ ವಿರಳ. 1944ರಲ್ಲಿ ತಾಲೀಮು ನಡೆದರೂ ಪ್ರದರ್ಶನವಾಗಲಿಲ್ಲ. ಉಲ್‌ಮಾನ್ ಮತ್ತು ಕೀನ್ ಕೂಡ ಕ್ರಾಸಾನಿದ್ದ ರೈಲಿನಲ್ಲೇ ಹೋದರು. ತೆರೆಜೀನ್‌ನಲ್ಲಿ ಬಿಟ್ಟುಹೋದ ಹಸ್ತಪ್ರತಿ ಉಳಿಯಿತು. ಮೊದಲ ಪ್ರದರ್ಶನ 1975ರ ಡಿಸೆಂಬರ್ 16ರಂದು ಆಮ್‌ಸ್ಟರ್‌ಡಾಮ್‌ನಲ್ಲಿ ನಡೆಯಿತು.

ಕರ್ನಾಟಕದಲ್ಲಿ ಈ ವಿಷಯಕ್ಕೆ ಅತಿ ಸಮೀಪದ ಸಂಗತಿಯೆಂದರೆ ಮೈಸೂರು ಕಾರಾಗೃಹದ ಕೈದಿಗಳ ರಂಗಭೂಮಿ. ರಂಗಾಯಣದ ನಟ ಹುಲುಗಪ್ಪ ಕಟ್ಟೀಮನಿ ತಮ್ಮ 'ಸಂಕಲ್ಪ' ತಂಡದ ಮೂಲಕ ಜೀವಾವಧಿ ಕೈದಿಗಳಿಂದ ಗಿರೀಶ ಕಾರ್ನಾಡರ 'ತಲೆದಂಡ', ಎಚ್.ಎಸ್. ಶಿವಪ್ರಕಾಶರ 'ಮಾರನಾಯಕ' ಮುಂತಾದ ನಾಟಕಗಳನ್ನು ಆಡಿಸಿದರು. ಜಯಂತ ಕಾಯ್ಕಿಣಿಯವರ 'ಜೊತೆಗಿರುವನು ಚಂದಿರ'ವೂ ಅವುಗಳಲ್ಲಿ ಸೇರಿದೆ. ಇದರ ಬೇರು ಶೊಲೆಮ್ ಅಲೈಖೆಮ್ ಯಿಡ್ಡಿಷ್‌ನಲ್ಲಿ ಬರೆದ, ಊರು ಬಿಟ್ಟು ಹೋಗಬೇಕಾದ ಬಡ ಯೆಹೂದಿ ಸಂಸಾರದ ಕಥೆಗಳಲ್ಲಿದೆ. ಕನ್ನಡದಲ್ಲಿ ಆ ಸಂಸಾರ ದೇಶವಿಭಜನೆಯ ಕಾಲದ ಮುಸ್ಲಿಂ ಸಂಸಾರವಾಗಿದೆ. ಶಿಬಿರಗಳಲ್ಲಿ ಅಳಿದುಹೋದ ಭಾಷಾಜಗತ್ತಿನ ಕಥೆಯನ್ನು ಕನ್ನಡ ಕೈದಿಗಳು ಆಡಿದರೆಂಬುದು ಗಮನಾರ್ಹ. ಆದರೆ ಇಲ್ಲಿಯೂ ಹೋಲಿಕೆಯ ಮಿತಿಯನ್ನು ಕಾಯ್ದುಕೊಳ್ಳಬೇಕು. ಮೈಸೂರಿನ ಕೈದಿ ನ್ಯಾಯಾಲಯದ ತೀರ್ಪಿನ ಮೇಲೆ ಒಳಗಿರುವವನು, ಒಂದು ದಿನ ಹೊರಬರುವವನು. ತೆರೆಜೀನ್‌ನ ಬಂದಿಯ ಅಪರಾಧ ಹುಟ್ಟು. ಕಾರಾಗೃಹದ ಅಧಿಕಾರಿಗಳು ಮುಂದಿನ ಸಾಲಿನಲ್ಲಿ ಕೂರುವುದು ಎರಡೂ ಕಡೆ ಒಂದೇ ಅರ್ಥದ್ದಲ್ಲ. ಇದೇ ನಾಟಕವನ್ನು ಬೇರೊಂದು ತಂಡ 2022ರ ಜುಲೈಯಲ್ಲಿ ಶಿವಮೊಗ್ಗ ಜಿಲ್ಲೆಯ ಆನವಟ್ಟಿಯಲ್ಲಿ ಆಡುತ್ತಿದ್ದಾಗ ಕೆಲವರು ನುಗ್ಗಿ ಅರ್ಧದಲ್ಲೇ ನಿಲ್ಲಿಸಿದರು. ಜೈಲಿನವರು ಆಡಬಹುದಾದ ನಾಟಕ ಊರಿನ ಸಭಾಂಗಣದಲ್ಲಿ ನಿಂತುಹೋದದ್ದನ್ನು ಎದುರು ಕುಳಿತವರು ಯಾರು ಎಂಬ ಪ್ರಶ್ನೆಯಿಂದಲೇ ವಿವರಿಸಬೇಕು. ನಾಟಕದ ಪಠ್ಯದಿಂದ ಅದು ತಿಳಿಯುವುದಿಲ್ಲ.

ಪೂರಿಮ್‌ನ ಕಥೆ ಇನ್ನೆರಡು ವರ್ಷಗಳಲ್ಲಿ ಬರುತ್ತದೆ. ಆಶ್ವಿಟ್ಸ್-ಬಿರ್ಕೆನೌದಲ್ಲಿ ತೆರೆಜೀನ್‌ನಿಂದ ತಂದವರಿಗೆಂದು ಇದ್ದ ಕುಟುಂಬ ಶಿಬಿರದ ಮಕ್ಕಳ ಬ್ಯಾರಕ್ಕಿನಲ್ಲಿ ದೀನಾ ಗೊಟ್ಲೀಬೋವಾ ಗೋಡೆಯ ಮೇಲೆ ಹಿಮಬಿಳುಪಿನ ರಾಜಕುಮಾರಿ ಮತ್ತು ಕುಬ್ಜರ ಚಿತ್ರ ಬಿಡಿಸಿದಳು. ಮಕ್ಕಳು ಆ ಕಥೆಯನ್ನು ಆಡಿದರು. ಕಾವಲಿನ ನಾಜಿ ಅಧಿಕಾರಿಗಳೂ ಬಂದು ನೋಡಿ ಚಪ್ಪಾಳೆ ತಟ್ಟಿದರು. 1944ರ ಮಾರ್ಚ್ 8ರ ರಾತ್ರಿ ಆ ಶಿಬಿರದ ಸುಮಾರು 3,800 ಮಂದಿಯನ್ನು ವಿಷಾನಿಲದ ಕೋಣೆಗಳಿಗೆ ಒಯ್ಯಲಾಯಿತು. ಅದು ಪೂರಿಮ್ ಹಬ್ಬದ ರಾತ್ರಿ. ಎರಡು ವರ್ಷಗಳ ಬಳಿಕ, 1946ರ ಮಾರ್ಚ್‌ನಲ್ಲಿ, ಜರ್ಮನಿಯ ಲಾಂಡ್ಸ್‌ಬೆರ್ಗ್‌ನಲ್ಲಿ ನಿರಾಶ್ರಿತರಾಗಿ ಉಳಿದಿದ್ದ ಯೆಹೂದಿಗಳು ಪೂರಿಮ್ ಆಚರಿಸಿದರು. ಹಿಟ್ಲರ್ ಜೈಲಿನಲ್ಲಿ ಕುಳಿತು ತನ್ನ ಪುಸ್ತಕ ಬರೆದ ಊರು ಅದು. ಬೀದಿಯಲ್ಲಿ ಹಿಟ್ಲರನ ವೇಷಗಳು ನಡೆದವು, ಅವನ ಪ್ರತಿಕೃತಿಯನ್ನು ಹಾಮಾನನಂತೆ ತೂಗುಹಾಕಲಾಯಿತು. ವೇಷ ಹಾಕಿದವರನ್ನು ಯಾರೂ ಕರೆಸಿರಲಿಲ್ಲ; ಮುಂದಿನ ಸಾಲಿನಲ್ಲಿ ಯಾವ ಅಧಿಪತಿಯೂ ಕುಳಿತಿರಲಿಲ್ಲ. ಆಟ ಮುಗಿದ ಮೇಲೆ ಅವರಿಗೆ ಹೋಗಲು ಮನೆಗಳು ಮಾತ್ರ ಇರಲಿಲ್ಲ.